ನೀರೊಳಗಿನ ಕೈಮಾತು

ಹೈದರಾಬಾದಿನ ಈಜುಕೊಳಗಳಲ್ಲಿ ಸ್ಕೂಬಾ ಕಲಿಯಲು ಬರುವವರಿಗೆ ಉಸಿರಾಟದ ಪಾಠದ ಜೊತೆಜೊತೆಗೇ ಹೆಬ್ಬೆರಳನ್ನು ಹದ್ದುಬಸ್ತಿನಲ್ಲಿಡುವ ಪಾಠವೂ ಆಗಬೇಕಾಗುತ್ತದೆ. ಚೆನ್ನಾಗಿದ್ದೇನೆ ಎನ್ನಲು ನೆಲದ ಮೇಲೆ ನಾವೆಲ್ಲ ಹೆಬ್ಬೆರಳೆತ್ತಿ ತೋರಿಸುತ್ತೇವೆ. ನೀರೊಳಗೆ ಅದೇ ಬೆರಳಿಗೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ಖುಷಿಯಾಗಿದೆ ಎಂದು ತೋರಿಸಿದವರನ್ನು ತರಬೇತುದಾರರು ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಾರೆ. ಅವರದೇನೂ ತಪ್ಪಿಲ್ಲ. ಜೊತೆಗಿರುವ ಯಾರೇ ಆಗಲಿ ಮೇಲೆ ಹೋಗೋಣ ಎಂದರೆ, ಏಕೆ ಏನು ಎಂದು ಕೇಳದೆ ಎಲ್ಲರೂ ಹೊರಡಬೇಕು ಎನ್ನುವುದು ಈ ವಿದ್ಯೆಯ ಕಟ್ಟುನಿಟ್ಟಿನ ಕಟ್ಟಳೆ.

ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು ತೋರುಬೆರಳುಗಳ ತುದಿ ಸೇರಿಸಿ ಸೊನ್ನೆ ಮಾಡಬೇಕು. ಅದೇ ಪ್ರಶ್ನೆ, ಅದೇ ಉತ್ತರ. ಒಬ್ಬರು ತೋರಿಸಿದರೆ ಇನ್ನೊಬ್ಬರು ತಿರುಗಿ ತೋರಿಸಲೇಬೇಕು, ಹಿಂದೆ ರಿಜಿಸ್ಟರ್ ಕಾಗದ ಕೊಟ್ಟ ಅಂಚೆಯವನು ಸಹಿ ಪಡೆಯದೆ ಕದಲದಿದ್ದಂತೆ. ಉತ್ತರ ಬಾರದಿದ್ದರೆ ಏನೋ ಕೆಟ್ಟಿದೆ ಎಂದು ತಿಳಿದು ಹತ್ತಿರ ಹೋಗಬೇಕು. ಹರಡಿದ ಅಂಗೈಯನ್ನು ಅತ್ತಿತ್ತ ಓಲಾಡಿಸಿದರೆ ತೊಂದರೆಯಿದೆ ಎಂದರ್ಥ. ತೊಂದರೆ ಕಿವಿಯಲ್ಲೋ ಕಾಲಿನಲ್ಲೋ ಎಂಬುದನ್ನು ಆಮೇಲೆ ಬೆರಳು ಮಾಡಿ ತೋರಿಸುತ್ತಾರೆ. ಮುಷ್ಟಿಯನ್ನು ಎದೆಗೆ ಒತ್ತಿಕೊಂಡರೆ ಸಿಲಿಂಡರಿನಲ್ಲಿ ಗಾಳಿ ಕಡಿಮೆಯಾಗಿದೆ. ಅಂಗೈಯನ್ನು ಗಂಟಲಿಗೆ ಅಡ್ಡಲಾಗಿ ಎಳೆದರೆ ಗಾಳಿ ಮುಗಿದೇ ಹೋಗಿದೆ. ಇಂಥ ಸಾಮಾನ್ಯ ಸನ್ನೆಗಳ ಪಟ್ಟಿಯನ್ನು ಸ್ಕೂಬಾ ತರಬೇತಿ ಸಂಸ್ಥೆಗಳ ಮಂಡಳಿಯೊಂದು 2005ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿತು. ಸನ್ನೆಗಳು ಕೆಲವೇ ಇರುವುದಕ್ಕೆ, ಅವು ದೊಡ್ಡದಾಗಿ ಢಾಳಾಗಿ ಇರುವುದಕ್ಕೆ ಕಾರಣವಿದೆ. ಮೂವತ್ತು ಮೀಟರ್ ಆಳ ದಾಟುವ ಹೊತ್ತಿಗೆ ಹೆಚ್ಚಿದ ಒತ್ತಡದಲ್ಲಿ ಸೇದಿದ ನೈಟ್ರೋಜನ್ ಹಲವರ ಬುದ್ಧಿಗೆ ಮಂಪರು ಹಿಡಿಸುತ್ತದೆ. ಸೂಕ್ಷ್ಮವಾದ ಸನ್ನೆಯನ್ನು ಬಿಡಿಸಿ ಓದುವ ಚುರುಕು ಆಗ ತಲೆಗೆ ಇರುವುದಿಲ್ಲ.

ಮಾತನಾಡಿದರೆ ಆಗದೇ? ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ರೆಗ್ಯುಲೇಟರನ್ನು ಕಚ್ಚಿಕೊಂಡಾಗ ತುಟಿಗಳು ಒಂದಕ್ಕೊಂದು ಸೇರುವುದಿಲ್ಲ. ತುಟಿ ಸೇರದಿದ್ದರೆ ನಮ್ಮ ವರ್ಣಮಾಲೆಯ ಪವರ್ಗ ಪೂರ್ತಿ ಹೋಯಿತು: ಪ, ಫ, ಬ, ಭ, ಮ. ‘ಬಾ’ ಎನ್ನಲಾಗದು, ‘ಬೇಡ’ ಎನ್ನಲಾಗದು, ‘ಮೇಲೆ’ ಎನ್ನಲಾಗದು. ನೀರೊಳಗೆ ಮುಖ್ಯವಾಗಿ ಬೇಕಾದ ಮಾತುಗಳೇ ಇವು. ಹೇಗೋ ಕಿರುಚಿದರೂ ಆ ದನಿ ಹುಟ್ಟುವುದು ಬಾಯೊಳಗಿನ ಗಾಳಿಯಲ್ಲಿ. ಗಾಳಿಗೂ ನೀರಿಗೂ ನಡುವಿನ ಗಡಿ ಶಬ್ದಕ್ಕೆ ಹೆಚ್ಚುಕಡಿಮೆ ಗೋಡೆಯೇ ಸರಿ. ಗಾಳಿಯಲ್ಲಿ ಬಂದ ಶಬ್ದದ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ನೀರಿಗೆ ಇಳಿಯುತ್ತದೆ, ಉಳಿದದ್ದೆಲ್ಲ ಪುಟಿದು ಹಿಂದಿರುಗುತ್ತದೆ. ಇಷ್ಟೆಲ್ಲ ದಾಟಿ ಹೊರಬಿದ್ದ ಚೂರುಪಾರು ದನಿಯನ್ನು ಬುಳಬುಳನೆ ಏಳುವ ಗುಳ್ಳೆಗಳ ಸದ್ದು ನುಂಗುತ್ತದೆ.

ನೀರಿನಲ್ಲೇ ಹುಟ್ಟಿದ ಶಬ್ದದ ಕಥೆ ಬೇರೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡೊನ್ ಮತ್ತು ಸ್ಟರ್ಮ್ ಎಂಬಿಬ್ಬರು ಒಂದು ದೋಣಿಯಿಂದ ನೀರಿಗಿಳಿಸಿದ ಗಂಟೆಯನ್ನು ಬಾರಿಸಿ, ಅದೇ ಕ್ಷಣ ಮದ್ದು ಹೊತ್ತಿಸಿ ಬೆಳಕು ಮಾಡಿದರು. ಹದಿಮೂರು ಕಿಲೋಮೀಟರಿಗೂ ಮಿಕ್ಕ ದೂರದ ಇನ್ನೊಂದು ದೋಣಿಯಲ್ಲಿ ಉದ್ದ ಕೊಳವೆಗೆ ಕಿವಿಗೊಟ್ಟು, ಬೆಳಕು ಕಂಡದ್ದಕ್ಕೂ ಸದ್ದು ಕೇಳಿದ್ದಕ್ಕೂ ನಡುವಿನ ಹೊತ್ತನ್ನು ಅಳೆದರು. ಸೆಕೆಂಡಿಗೆ 1,435 ಮೀಟರ್ ಎಂಬ ವೇಗ ಸಿಕ್ಕಿತು. ಇಂದಿನ ಲೆಕ್ಕಕ್ಕೂ ಅದು ತೀರ ಹತ್ತಿರ. ಸಮುದ್ರದಲ್ಲಿ ಶಬ್ದದ ವೇಗ ಸುಮಾರು 1,500 ಮೀಟರ್, ಗಾಳಿಯಲ್ಲಿನ ವೇಗದ ನಾಲ್ಕೂವರೆ ಪಟ್ಟು.

ಈ ವೇಗವೇ ಡೈವರ್‌ಗೆ ಹೊಸ ಕಷ್ಟ ತಂದಿಡುತ್ತದೆ. ಶಬ್ದ ಎಡಗಡೆಯಿಂದ ಬಂತೋ ಬಲಗಡೆಯಿಂದ ಬಂತೋ ಎಂದು ಮಿದುಳು ತಿಳಿಯುವ ಒಂದು ದಾರಿ, ಎರಡು ಕಿವಿಗಳಿಗೆ ಅದು ತಲುಪುವ ಹೊತ್ತಿನ ವ್ಯತ್ಯಾಸ. ಗಾಳಿಯಲ್ಲಿ ಈ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದಂಶಕ್ಕಿಂತ ತುಸು ಕಡಿಮೆ. ನೀರಿನಲ್ಲಿ ಅದು ಇನ್ನೂ ನಾಲ್ಕೂವರೆ ಪಟ್ಟು ಕುಗ್ಗುತ್ತದೆ. ಜೊತೆಗೆ ನೀರಿನ ಕಂಪನ ತಲೆಬುರುಡೆಯ ಮೂಲಕ ಎರಡೂ ಒಳಗಿವಿಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುತ್ತದೆ. ಯಾರೋ ಸಿಲಿಂಡರಿಗೆ ಟಣ್ ಟಣ್ ಎಂದು ಲೋಹ ಬಡಿದರೆ ಎಲ್ಲರಿಗೂ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಸದ್ದು ಸುತ್ತಲಿಂದಲೂ ಬಂದಂತಾಗಿ ಬಡಿದವರು ಯಾರು, ಎಲ್ಲಿದ್ದಾರೆ ಎಂದು ತಿಳಿಯದೆ ಸುತ್ತ ಹುಡುಕಬೇಕಾಗುತ್ತದೆ. ಚೆನ್ನಾಗಿ ಕಿವಿ ಕೇಳುವವರು ಕೂಡ ನೀರೊಳಗೆ ಅರೆಗಿವುಡರೇ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮುಂದೆ ಬರುವ ವಿಷಯಕ್ಕೆ ಇದೇ ತಳಹದಿ.

ರೇಡಿಯೊ ಏಕಾಗದು ಎಂಬುದಕ್ಕೆ ಉತ್ತರ ಹೈದರಾಬಾದಿನ ಪಕ್ಕದಲ್ಲೇ ಇದೆ. ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ 2024ರ ಅಕ್ಟೋಬರ್ 15ರಂದು ನೌಕಾಪಡೆಯ ರೇಡಿಯೊ ಕೇಂದ್ರವೊಂದಕ್ಕೆ ಅಡಿಗಲ್ಲು ಬಿತ್ತು. ಜಲಾಂತರ್ಗಾಮಿಗಳಿಗೆ ಸಂದೇಶ ಕಳಿಸುವ ಕೇಂದ್ರ ಅದು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ಐಎನ್ಎಸ್ ಕಟ್ಟಬೊಮ್ಮನ್ ಆದಮೇಲೆ ದೇಶಕ್ಕೆ ಇದು ಎರಡನೆಯದು. ಉಪ್ಪುನೀರು ವಿದ್ಯುತ್ತನ್ನು ಹರಿಯಬಿಡುವುದರಿಂದ ರೇಡಿಯೊ ಅಲೆಯನ್ನು ಹೀರಿ ಮುಗಿಸುತ್ತದೆ. ಮನೆಯ ವೈಫೈ ಅಲೆ ಸಮುದ್ರದ ನೀರಿನಲ್ಲಿ ಕೆಲವೇ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಸಾಯುತ್ತದೆ. ಹತ್ತಾರು ಕಿಲೋಮೀಟರ್ ಉದ್ದದ, ತೀರ ನಿಧಾನ ಕಂಪಿಸುವ ಅಲೆಗಳು ಮಾತ್ರ ಕೆಲವು ಹತ್ತು ಮೀಟರ್ ಆಳಕ್ಕೆ ತಲುಪುತ್ತವೆ. ಅಂಥ ಅಲೆಗೆ ಎತ್ತರದ ಕಂಬಗಳೂ ವಿಶಾಲವಾದ ಜಾಗವೂ ಬೇಕು. ಮೂಸಿ ನದಿ ಹುಟ್ಟುವ ಸೀಮೆಯ ಕಾಡನ್ನು ಅದಕ್ಕಾಗಿ ಬಿಟ್ಟುಕೊಡಬೇಕೇ ಎಂದು ಅಲ್ಲಿನ ಜನ ಎತ್ತಿದ ಪ್ರಶ್ನೆ ಸಣ್ಣದಲ್ಲ. ಇಷ್ಟಾದರೂ ಮಾತು ಒಂದೇ ಕಡೆಯದು: ಜಲಾಂತರ್ಗಾಮಿ ಕೇಳಿಸಿಕೊಳ್ಳಬಹುದು, ಅದೇ ಅಲೆಯಲ್ಲಿ ಉತ್ತರ ಕೊಡುವಷ್ಟು ದೊಡ್ಡ ಆಂಟೆನಾ ಅದಕ್ಕೆಲ್ಲಿಂದ ಬರಬೇಕು?

ಆದ್ದರಿಂದ ನೀರಿನಲ್ಲಿ ಯಂತ್ರಗಳೂ ಕೊನೆಗೆ ಶಬ್ದವನ್ನೇ ನೆಚ್ಚುತ್ತವೆ. ಹೈದರಾಬಾದಿನ ಪ್ರಗತಿನಗರದಲ್ಲಿ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವಿದೆ; ಎಲ್ಲರ ಬಾಯಲ್ಲಿ ಇನ್‌ಕಾಯಿಸ್. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಕಟ್ಟಿದ ಮುನ್ನೆಚ್ಚರಿಕೆ ಕೇಂದ್ರ 2007ರ ಅಕ್ಟೋಬರಿನಿಂದ ಇಲ್ಲಿ ಕೆಲಸ ಮಾಡುತ್ತಿದೆ. ಬಂಗಾಳಕೊಲ್ಲಿಯ ತಳದಲ್ಲಿ ಕೂತ ಒತ್ತಡಮಾಪಕ ತನ್ನ ಮೇಲಿನ ನೀರಿನ ಮಟ್ಟದಲ್ಲಾದ ಸಣ್ಣ ಏರಿಳಿತವನ್ನೂ ಗುರುತಿಸಿ, ಅದನ್ನು ಶಬ್ದದ ಸಂಕೇತ ಮಾಡಿ ಮೇಲಕ್ಕೆ ಕಳಿಸುತ್ತದೆ. ಮೇಲೆ ತೇಲುವ ಬೋಯಾ ಅದನ್ನು ಹಿಡಿದು ಉಪಗ್ರಹಕ್ಕೆ ದಾಟಿಸುತ್ತದೆ, ಅಲ್ಲಿಂದ ಹೈದರಾಬಾದಿಗೆ. ನೀರೊಳಗೆ ಶಬ್ದ, ನೀರು ದಾಟಿದ ಮೇಲೆ ರೇಡಿಯೊ. ಡೈವರ್‌ಗಳು ಬಳಸುವ ನೀರೊಳಗಿನ ಫೋನ್ ಕೂಡ ಇದೇ ದಾರಿಯದು. ಮುಖವನ್ನೆಲ್ಲ ಮುಚ್ಚುವ ಮಾಸ್ಕಿನೊಳಗೆ ತುಟಿಗಳಿಗೆ ಆಡಲು ಜಾಗವಿರುತ್ತದೆ, ಅಲ್ಲಿ ಆಡಿದ ಮಾತನ್ನು ಮೂವತ್ತು ಕಿಲೋಹರ್ಟ್ಸಿನ ಆಸುಪಾಸಿನ, ನಮಗೆ ಕೇಳದ ಶಬ್ದಕ್ಕೆ ಏರಿಸಿ ಕಳಿಸಲಾಗುತ್ತದೆ. ಬೆಲೆ ಹೆಚ್ಚು, ತರಬೇತಿ ಬೇರೆ ಬೇಕು. ಹವ್ಯಾಸಕ್ಕೆ ಮುಳುಗುವವರಲ್ಲಿ ಇದು ಅಪರೂಪ.

ಹಾಗಾಗಿ ಮತ್ತೆ ಕೈಗೇ ಬರಬೇಕು. ಆದರೆ ಕೈ ಕಾಣಿಸಬೇಕಲ್ಲ? ಹೈದರಾಬಾದಿನ ಹುಸೇನ್ ಸಾಗರದಲ್ಲಿ 1990ರ ಮಾರ್ಚ್ 10ರಂದು ದೊಡ್ಡ ದುರಂತವಾಯಿತು. ಸುಮಾರು 18 ಮೀಟರ್ ಎತ್ತರದ ಏಕಶಿಲಾ ಬುದ್ಧನನ್ನು ಕೆರೆಯ ನಡುವಿನ ಪೀಠಕ್ಕೆ ಸಾಗಿಸುವಾಗ ವಿಗ್ರಹ ನೀರಿಗೆ ಬಿತ್ತು, ಜೊತೆಗಿದ್ದವರಲ್ಲಿ ಹಲವರು ಪ್ರಾಣ ತೆತ್ತರು. ಬುದ್ಧನನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ 1992ರ ಡಿಸೆಂಬರ್ ಬಂದಿತ್ತು. ಊರಿನ ಕೊಳೆಯೆಲ್ಲ ಸೇರುವ ಅಂಥ ಕೆರೆಯ ತಳದ ಕೆಸರಿನಲ್ಲಿ ಮುಖದ ಮುಂದೆ ಹಿಡಿದ ಸ್ವಂತ ಅಂಗೈಯೂ ಕಾಣುವುದು ಕಷ್ಟ. ನಮ್ಮ ಕಡೆ ಇಂಥದೇ ನೀರನ್ನು 2024ರ ಜುಲೈಯಲ್ಲಿ ಎಲ್ಲರೂ ಟಿವಿಯಲ್ಲಿ ನೋಡಿದರು. ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಗಂಗಾವಳಿ ನದಿ ಸೇರಿದ ಲಾರಿಯನ್ನು ಹುಡುಕಲು ನೌಕಾಪಡೆಯವರೂ ಮುಳುಗುತಜ್ಞ ಈಶ್ವರ ಮಲ್ಪೆಯವರೂ ನೀರಿಗಿಳಿದರು. ಮಳೆಗಾಲದ ಸೆಳವು, ಮಣ್ಣುಮಣ್ಣಾದ ನೀರು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ.

ಇಂಥ ಕಡೆ ಸನ್ನೆಗೆ ಬದಲು ಹಗ್ಗ ಮಾತನಾಡುತ್ತದೆ. ಸೊಂಟಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮೇಲಿನವರ ಕೈಯಲ್ಲಿರುತ್ತದೆ. ಎಷ್ಟು ಜಗ್ಗು ಎಂದರೆ ಏನರ್ಥ ಎಂಬುದು ತಂಡದಿಂದ ತಂಡಕ್ಕೆ ಬದಲಾಗಬಹುದು, ಇಳಿಯುವ ಮೊದಲು ಆ ತಂಡದಲ್ಲಿ ಗೊತ್ತುಮಾಡಿಕೊಂಡಿರಬೇಕು ಅಷ್ಟೇ. ಕತ್ತಲ ಗುಹೆಗಳಲ್ಲಿ ಮುಳುಗುವವರಿಗೆ ಸ್ಪರ್ಶದ್ದೇ ಒಂದು ಪದ್ಧತಿಯಿದೆ. ಮುಂದಿರುವವರ ತೋಳನ್ನೋ ಕಾಲನ್ನೋ ಹಿಡಿದು ಮುಂದಕ್ಕೆ ನೂಕಿದರೆ ಹೋಗು, ಹಿಂದಕ್ಕೆ ಎಳೆದರೆ ಹಿಂದೆ ಸರಿ.

ಕಣ್ಣು ಕಾಣದವರು ಸ್ಕೂಬಾ ಮಾಡುವುದು ಹೇಗೆ ಎಂದು ಬೆರಗಾಗುವವರು ಈ ಗುಹೆಯವರನ್ನು ನೆನೆಯಬೇಕು. ದೃಷ್ಟಿಯಿದ್ದವರು ಆಪತ್ತಿನ ಹೊತ್ತಿಗೆಂದು ಕಲಿತಿಟ್ಟುಕೊಳ್ಳುವ ಭಾಷೆಯನ್ನೇ ಕಾಣದವರು ಇಡೀ ಡೈವ್‌ನ ಉದ್ದಕ್ಕೂ ಆಡುತ್ತಾರೆ. ಜೊತೆಗಾರರು ಕೈಹಿಡಿದೇ ಈಜುತ್ತಾರೆ. ಸನ್ನೆಯನ್ನು ಅಂಗೈಯೊಳಗೇ ಮಾಡುತ್ತಾರೆ, ಅಥವಾ ಇವರು ಅವರ ಬೆರಳುಗಳ ಆಕಾರವನ್ನು ಮುಟ್ಟಿ ಓದುತ್ತಾರೆ. ಒತ್ತಡಮಾಪಕದ ಅಂಕಿಯನ್ನು ಅಂಗೈಯ ಒತ್ತುಗಳಲ್ಲಿ ತಿಳಿಸಬಹುದು. ನೀರು ತಿಳಿಯಾಗಿದ್ದರೂ ಕದಡಿದ್ದರೂ ಈ ಭಾಷೆಗೆ ಒಂದೇ. ಅವರಿಗೆ ಆ ಡೈವ್‌ನಲ್ಲಿ ಏನು ಸಿಗುತ್ತದೆ ಎಂದು ಕೇಳುವವರುಂಟು. ತೂಕವಿಲ್ಲದೆ ತೇಲುವುದು, ಆಳಕ್ಕಿಳಿದಂತೆ ಬದಲಾಗುವ ತಣ್ಣೀರಿನ ಪದರಗಳು, ಹವಳದ ದಿಬ್ಬದ ಚಿಟಚಿಟ ಸದ್ದು. ಇವು ಕಣ್ಣಿನ ಆಸ್ತಿಯಲ್ಲ.

ಕಿವಿ ಕೇಳದವರ ವಿಷಯವನ್ನು ಹೆಚ್ಚು ವಿವರವಾಗಿಯೇ ಹೇಳಬೇಕು. ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. 1983ರಲ್ಲಿ ಮುಂಬೈಯಲ್ಲಿ ಆರಂಭವಾದ ಆ ಸಂಸ್ಥೆ, ನಮ್ಮ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂತೆಯೇ, ಮಾತು ಮತ್ತು ಶ್ರವಣದ ತೊಂದರೆಯಿರುವವರಿಗಾಗಿ ಕೆಲಸ ಮಾಡುತ್ತದೆ. 2011ರ ಜನಗಣತಿ ದೇಶದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಶ್ರವಣದೋಷವುಳ್ಳವರೆಂದು ಲೆಕ್ಕಹಾಕಿದೆ. ಇವರಲ್ಲಿ ಬಹಳ ಮಂದಿ ಬಳಸುವ ಭಾರತೀಯ ಸಂಜ್ಞಾ ಭಾಷೆಗೆ ತನ್ನದೇ ವ್ಯಾಕರಣವಿದೆ. ಹಿಮಾಚಲದ ಹಳ್ಳಿಯಲ್ಲಿ ಹುಟ್ಟಿ, ಹನ್ನೊಂದರ ವಯಸ್ಸಿನಲ್ಲಿ ಕಿವಿ ಕಳೆದುಕೊಂಡ ಮದನ್ ವಸಿಷ್ಠ ಅಮೆರಿಕದ ಭಾಷಾವಿಜ್ಞಾನಿಗಳೊಂದಿಗೆ 1970ರ ದಶಕದಲ್ಲಿ ದೆಹಲಿ, ಕೋಲ್ಕತ್ತ, ಮುಂಬೈ, ಬೆಂಗಳೂರುಗಳ ಸನ್ನೆಗಳನ್ನು ಕಲೆಹಾಕಿದರು. ನಾಲ್ಕೂ ಊರುಗಳ ಸನ್ನೆಗಳಲ್ಲಿ ಮುಕ್ಕಾಲು ಪಾಲಿನಷ್ಟು ಪರಸ್ಪರ ನಂಟಿನವು ಎಂದು ಕಂಡಿತು. ಕನ್ನಡ, ತೆಲುಗು, ಬಂಗಾಳಿ ಮಾತನಾಡುವ ನಾವು ಇಷ್ಟರಮಟ್ಟಿಗೆ ಒಬ್ಬರಿಗೊಬ್ಬರು ಅರ್ಥವಾಗುವುದಿಲ್ಲ.

ಈ ಭಾಷೆ ಬಲ್ಲ ಇಬ್ಬರು ನೀರಿಗಿಳಿದರೆಂದುಕೊಳ್ಳಿ. ಕೇಳುವ ಜೋಡಿಗೆ ಹದಿನೈದಿಪ್ಪತ್ತು ಸನ್ನೆಗಳು, ಸಾಲದಿದ್ದರೆ ಪ್ಲಾಸ್ಟಿಕ್ ಹಲಗೆ, ಪೆನ್ಸಿಲ್. ಇವರು ಹಾಗಲ್ಲ. ಆ ಬಂಡೆಯ ಕೆಳಗಿನ ಮೀನು ಮೊಟ್ಟೆ ಕಾಯುತ್ತಿದೆ, ಹತ್ತಿರ ಹೋಗಬೇಡ ಎಂದು ಹೇಳಬಲ್ಲರು. ನಿನ್ನೆ ನೋಡಿದ್ದಕ್ಕಿಂತ ಇದು ಚಿಕ್ಕದು ಎಂದು ಚರ್ಚಿಸಬಲ್ಲರು. ಹತ್ತು ಮೀಟರ್ ದೂರದಿಂದಲೂ, ನೀರು ತಿಳಿಯಾಗಿದ್ದರೆ, ಮಾತು ನಡೆಯುತ್ತದೆ. ಸಮುದ್ರ ನಮ್ಮೆಲ್ಲರ ದನಿ ಕಸಿದುಕೊಂಡಿತು, ಅವರಿಂದ ಮಾತ್ರ ಕಸಿಯಲು ಅದಕ್ಕೆ ಹೆಚ್ಚೇನೂ ಸಿಗಲಿಲ್ಲ.

ಹೆಚ್ಚೇನೂ ಎಂದದ್ದಕ್ಕೆ ಕಾರಣವಿದೆ, ಒಂದಿಷ್ಟು ಅವರಿಂದಲೂ ಹೋಗುತ್ತದೆ. ಸಂಜ್ಞಾ ಭಾಷೆಯ ವ್ಯಾಕರಣ ಕೈಯಲ್ಲಿ ಮಾತ್ರ ಇಲ್ಲ, ಮುಖದಲ್ಲೂ ಇದೆ. ಹೌದೋ ಅಲ್ಲವೋ ಎಂಬ ಪ್ರಶ್ನೆಗೆ ಹುಬ್ಬು ಏರುತ್ತದೆ, ಬಾಯಿಯ ಆಕಾರ ಅರ್ಥಕ್ಕೆ ಬಣ್ಣ ಕೊಡುತ್ತದೆ. ಮಾಸ್ಕ್ ಹುಬ್ಬನ್ನು ಒತ್ತಿ ಹಿಡಿಯುತ್ತದೆ, ರೆಗ್ಯುಲೇಟರ್ ಬಾಯಿ ಮುಚ್ಚುತ್ತದೆ. ಪ್ರಶ್ನೆಯನ್ನು ಕೈಯಿಂದಲೇ ತೋರಿಸುವ ಬೇರೆ ದಾರಿ ಹುಡುಕಬೇಕು. ಭಾರತೀಯ ಸಂಜ್ಞಾ ಭಾಷೆಯ ಇಂಗ್ಲಿಷ್ ಅಕ್ಷರಸನ್ನೆಗಳು ಬಹುಪಾಲು ಎರಡು ಕೈಯವು. ಒಂದು ಕೈಯಲ್ಲಿ ಟಾರ್ಚೋ ಹಗ್ಗವೋ ಇದ್ದಾಗ ಹೆಸರೊಂದನ್ನು ಬೆರಳಲ್ಲಿ ಬರೆಯುವುದು ಕಷ್ಟ. ದಪ್ಪ ಕೈಗವಸು ಹಾಕಿದರೆ ಬೆರಳುಗಳ ನಾಜೂಕು ಹೋಯಿತು. ರಾತ್ರಿಯಾದರೆ ಟಾರ್ಚನ್ನು ತಮ್ಮ ಕೈಮೇಲೇ ಬಿಟ್ಟುಕೊಂಡು ಮಾತನಾಡಬೇಕು.

ಕರೆಯುವುದು ಇನ್ನೊಂದು ತೊಡಕು. ಸಿಲಿಂಡರ್ ಬಡಿದರೆ ಕೇಳದವರಿಗೆ ಪ್ರಯೋಜನವಿಲ್ಲ. ಮುಟ್ಟಬೇಕು ಅಥವಾ ಟಾರ್ಚಿನ ಬೆಳಕನ್ನು ಅವರ ಮುಂದೆ ಅಲುಗಾಡಿಸಬೇಕು. ಆದರೆ ಹೀಗೆ ಕರೆಯುವ ಅಭ್ಯಾಸವಾದ ತಂಡಕ್ಕೆ ಲಾಭವೂ ಇದೆ: ಬೆಳಕು ಬಂದ ದಿಕ್ಕು ಸ್ಪಷ್ಟವಾಗಿರುತ್ತದೆ, ಬಡಿದ ಸದ್ದಿನಂತೆ ದಿಕ್ಕೆಡಿಸುವುದಿಲ್ಲ.

ವೈದ್ಯರು ನೋಡಬೇಕಾದ ಎರಡು ಸಂಗತಿಗಳಿವೆ. ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿಯಾಗುತ್ತದೆ, ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒಳಹೊರಗಿನ ಒತ್ತಡ ಸರಿದೂಗಿಸಬೇಕು. ಕೇಳಿಸದಿರುವುದು ಇದಕ್ಕೆ ಅಡ್ಡಿಯಲ್ಲ, ತೂತಾದ ಕಿವಿತಮಟೆ ಅಡ್ಡಿ. ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶ್ರವಣ ಸಾಧನ ಅಳವಡಿಸಿಕೊಂಡವರು ತಯಾರಕರು ಹೇಳಿದ ಆಳದ ಮಿತಿಯನ್ನು ಮೀರಬಾರದು. ಎರಡನೆಯದು ಇದಕ್ಕಿಂತ ಗಂಭೀರ, ಇದರ ಬಗ್ಗೆ ಮಾತೂ ಕಡಿಮೆ. ಕೇಳುವ ಅಂಗದ ಪಕ್ಕದಲ್ಲೇ, ಅದೇ ಒಳಗಿವಿಯಲ್ಲಿ, ಸಮತೋಲದ ಅಂಗವಿದೆ. ಮೆದುಳುಜ್ವರದಂಥ ಕಾಯಿಲೆಯಿಂದ ಕಿವಿ ಹೋದವರಲ್ಲಿ ಕೆಲವರಿಗೆ ಇದೂ ಹೋಗಿರುತ್ತದೆ. 1882ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ನೂರಾರು ಕಿವುಡರನ್ನು ಗಿರಗಿರನೆ ತಿರುಗಿಸಿ ನೋಡಿದಾಗ ಸುಮಾರು ಮೂರನೇ ಒಂದು ಪಾಲಿನವರಿಗೆ ತಲೆಸುತ್ತೇ ಬರಲಿಲ್ಲ. ಅಂಥವರಲ್ಲಿ ಕೆಲವರು ನೀರಲ್ಲಿ ಮುಳುಗಿದಾಗ ಮೇಲು ಕೆಳಗು ತಿಳಿಯದೆ ಕಂಗಾಲಾಗುತ್ತಾರೆಂಬುದನ್ನೂ ಅವರು ದಾಖಲಿಸಿದರು. ನೆಲದ ಮೇಲೆ ಪಾದದ ಒತ್ತಡ, ಕಣ್ಣಿನ ನೋಟ ಆ ಕೊರತೆಯನ್ನು ತುಂಬುತ್ತವೆ. ಕದಡಿದ ನೀರಿನಲ್ಲಿ ಎರಡೂ ಇಲ್ಲ. ಅದಕ್ಕೇ ಕೊಳದಲ್ಲಿ ಮೊದಲು ಕಣ್ಣುಮುಚ್ಚಿಸಿ ಪರೀಕ್ಷಿಸುವುದು ಒಳ್ಳೆಯದು. ಬಿಟ್ಟ ಗುಳ್ಳೆಗಳು ಯಾವ ಕಡೆ ಓಡುತ್ತವೆ ಎಂದು ಕೈಯಿಂದ ಮುಟ್ಟಿ ತಿಳಿಯುವುದನ್ನು ಕಲಿಸಬೇಕು. ಗುಳ್ಳೆ ಹೋಗುವ ಕಡೆಯೇ ಮೇಲು.

ಬೆನ್ನುಹುರಿಗೆ ಪೆಟ್ಟಾಗಿ ಕೈಬೆರಳುಗಳ ಹಿಡಿತ ಹೋದವರಿಗೆ ಸೊನ್ನೆಯೂ ಇಲ್ಲ, ಮುಷ್ಟಿಯೂ ಇಲ್ಲ. ಅವರ ಜೊತೆ ಇಳಿಯುವವರು ತಲೆಯಾಡಿಸುವುದು, ಕಣ್ಣು ಮಿಟುಕಿಸುವುದು, ತೋಳನ್ನು ಒಂದು ಕಡೆಗೆ ಬೀಸುವುದು ಇಂಥವುಗಳಿಂದ ಅವರಿಗೊಪ್ಪುವ ಸನ್ನೆಗಳನ್ನು ಕಟ್ಟಿಕೊಳ್ಳುತ್ತಾರೆ. ಅಮೆರಿಕದಲ್ಲಿ ಜಿಮ್ ಗಟಾಕರ್ 1981ರಲ್ಲಿ ಕಟ್ಟಿದ ಅಂಗವಿಕಲರ ಸ್ಕೂಬಾ ಸಂಘ ಈ ವಿಷಯದಲ್ಲಿ ನೇರವಾದ ಅಳತೆಗೋಲನ್ನು ತಂದಿತು. ಅಂಗವಿಕಲತೆ ಯಾವುದು ಎಂದು ಅದು ಕೇಳುವುದಿಲ್ಲ, ನೀರೊಳಗೆ ಏನು ಮಾಡಬಲ್ಲಿರಿ ಎಂದು ಕೇಳುತ್ತದೆ. ತಮ್ಮನ್ನು ತಾವು ನೋಡಿಕೊಂಡು ಜೊತೆಗಾರರಿಗೂ ನೆರವಾಗಬಲ್ಲವರಿಗೆ ಎಲ್ಲರಂತೆ ಒಬ್ಬ ಜೊತೆಗಾರ ಸಾಕು. ಜೊತೆಗಾರರನ್ನು ರಕ್ಷಿಸಲಾಗದವರಿಗೆ ಇಬ್ಬರು. ತಮ್ಮ ಆಪತ್ತನ್ನೂ ತಾವು ನಿಭಾಯಿಸಲಾಗದವರಿಗೆ ಇಬ್ಬರು, ಅವರಲ್ಲೊಬ್ಬರು ರಕ್ಷಣೆಯಲ್ಲಿ ಪಳಗಿದವರಾಗಿರಬೇಕು. ಗಾಲಿಕುರ್ಚಿಯಲ್ಲಿ ಬಂದವರನ್ನು ನೋಡಿದ ಕೂಡಲೆ ಆಗುವುದಿಲ್ಲ ಎನ್ನುವುದಕ್ಕಿಂತ ಇದು ಎಷ್ಟೋ ವೈಜ್ಞಾನಿಕ, ಎಷ್ಟೋ ಮನುಷ್ಯತ್ವದ್ದು.

ಹೊಸ ಸಲಕರಣೆಗಳೂ ಈ ದಾರಿಗೇ ಬರುತ್ತಿವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಶ್ಯಾಮ್ ಗೊಲ್ಲಕೋಟ ಅವರ ತಂಡ 2022ರಲ್ಲಿ ಆಕ್ವಾಆ್ಯಪ್ ಎಂಬುದನ್ನು ಮಾಡಿ ತೋರಿಸಿತು. ನೀರು ನುಗ್ಗದ ಚೀಲದೊಳಗಿನ ಸಾಮಾನ್ಯ ಮೊಬೈಲ್ ತನ್ನ ಸ್ಪೀಕರಿನಿಂದ ನೀರಿಗೆ ಶಬ್ದ ಬಿಡುತ್ತದೆ, ಇನ್ನೊಂದರ ಮೈಕ್ ಅದನ್ನು ಹಿಡಿದು ಪರದೆಯ ಮೇಲೆ ಅಕ್ಷರವಾಗಿಸುತ್ತದೆ. ಸಂದೇಶ ಮೂವತ್ತು ಮೀಟರ್ ಹೋಗುತ್ತದೆ, ಆಪತ್ತಿನ ಕರೆ ನೂರು ಮೀಟರ್. ಅದರಲ್ಲಿ ತುಂಬಿಟ್ಟ 240 ಸಂದೇಶಗಳು ಡೈವರ್‌ಗಳ ಕೈಸನ್ನೆಗಳನ್ನೇ ಆಧರಿಸಿದವು. ಪರದೆಯ ಅಕ್ಷರ ಕಾಣದವರಿಗೆ ಅದೇ ಸಂದೇಶವನ್ನು ಮೈಗೆ ತಾಗುವ ಕಂಪನವಾಗಿಸಬಹುದೇ ಎಂಬುದು ಯಾರಾದರೂ ಕೈಗೆತ್ತಿಕೊಳ್ಳಬೇಕಾದ ಕೆಲಸ.

ಅಲ್ಲಿಯವರೆಗೆ ಮಾಡಬಹುದಾದ್ದು ದೋಣಿಯ ಮೇಲೇ ಇದೆ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್. ಹೈದರಾಬಾದಿನ ಕೊಳದಲ್ಲಿ ಕಲಿತವರು ಮೊದಲ ಸಲ ನಿಜವಾದ ಸಮುದ್ರ ನೋಡಲು ಬರುವ ತಾಣಗಳಲ್ಲಿ ಅದೂ ಒಂದು. ಆ ದಾರಿಯಲ್ಲಿ ಸೂಚನೆ ಕೊಡುವವರು ಎಂಜಿನ್ನಿನ ಗದ್ದಲದ ನಡುವೆ ಬೆನ್ನು ತಿರುಗಿಸಿ ಕೂಗಿ ಹೇಳದೆ, ಮುಖ ಕಾಣುವಂತೆ ಬೆಳಕಿನಲ್ಲಿ ನಿಂತು, ಒಂದೊಂದು ಸನ್ನೆಯನ್ನೂ ಎಲ್ಲರಿಂದ ತಿರುಗಿ ಮಾಡಿಸಬೇಕು. ಕಿವಿ ಕೇಳದವರು ಇದ್ದರೆ ಸನ್ನೆಗಳನ್ನು ಗೊತ್ತುಮಾಡುವ ಕೆಲಸ ಅವರಿಗೇ ಬಿಡುವುದು ಮೇಲು, ಉಳಿದವರೆಲ್ಲರಿಗಿಂತ ಅವರಿಗದು ಚೆನ್ನಾಗಿ ಗೊತ್ತು. ದೋಣಿಯವರು ಎಂಜಿನ್ ಗುಡುಗಿಸಿ ಎಲ್ಲರನ್ನೂ ವಾಪಸು ಕರೆದರೆ ಕೇಳದವರಿಗೆ ಯಾರು ಮುಟ್ಟಿ ಹೇಳಬೇಕು, ಬೆರಳಾಡದವರು ತಲೆಯನ್ನು ಎಷ್ಟು ಸಲ ಆಡಿಸಿದರೆ ಮೇಲಕ್ಕೆ, ನೀರಿನಿಂದ ಎದ್ದ ಮೇಲೆ ರೂಢಿಯ ಸನ್ನೆಯಂತೆ ನೆತ್ತಿಯ ಮೇಲೆ ಕೈಯಿಡಲಾಗದವರು ‘ಸುಖವಾಗಿದ್ದೇನೆ’ ಎಂದು ದೋಣಿಗೆ ಹೇಗೆ ತೋರಿಸಬೇಕು ಎಂಬಿಷ್ಟೂ ಲಂಗರು ಹಾಕುವಷ್ಟರಲ್ಲಿ ತೀರ್ಮಾನವಾಗಿರಬೇಕು.